ಕೊಟ್ಟರೂ ತೆಗೆದುಕೊಳ್ಳಬಾರದ ಕೀಲಿಕೈ

ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಮುತ್ತಲ ಬಟ್ಟೆ ಅಂಗಡಿಗಳಿಗೆ ಈಗ ಬಾಗಿಲ ಮೇಲಿನ ಬೋರ್ಡು ಎಷ್ಟು ಮುಖ್ಯವೋ ಇನ್‌ಸ್ಟಾಗ್ರಾಂ ಖಾತೆಯೂ ಅಷ್ಟೇ ಮುಖ್ಯ. ಬೆಳಿಗ್ಗೆ ಬಂದ ಇಳಕಲ್ ಸೀರೆ ಮಧ್ಯಾಹ್ನದೊಳಗೆ ಫೋಟೋ ಆಗಿ ಗಿರಾಕಿಯ ಮೊಬೈಲಿಗೆ ಹೋಗಿರಬೇಕು. ಮಾಲೀಕರಿಗೆ ಇದಕ್ಕೆಲ್ಲ ಪುರುಸೊತ್ತಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿರುವ ಯಾವುದಾದರೂ ಹುಡುಗನಿಗೆ ತಿಂಗಳಿಗೆ ಇಷ್ಟು ಎಂದು ಮಾತಾಡಿ ಖಾತೆಯನ್ನು ಒಪ್ಪಿಸಿಬಿಡುತ್ತಾರೆ. ಒಪ್ಪಿಸುವುದೆಂದರೆ ಬಿಲ್ ಬುಕ್ಕಿನ ಬೆನ್ನಿಗೆ ಬರೆದಿಟ್ಟ ಪಾಸ್‌ವರ್ಡನ್ನು ಗಿರಾಕಿಗಳ ಎದುರಿನಲ್ಲೇ ಗಟ್ಟಿಯಾಗಿ ಓದಿ ಹೇಳುವುದು.

ಇಂಥ ಅಂಗಡಿಗಳಿಗೆಂದೇ ಒಂದು ಆ್ಯಪ್ ಕಟ್ಟುತ್ತಿದ್ದ, ವಿದ್ಯಾನಗರದ ಒಂದು ಮಹಡಿಯ ಮೇಲಿನ ನಾಲ್ಕೇ ಜನರ ಆಫೀಸಿನಲ್ಲಿ ನಡೆದ ವಾದವೊಂದನ್ನು ನಾನು ಬದಿಗೆ ಕೂತು ಕೇಳಿದ್ದೆ. ಅಂಗಡಿಯವರು ಒಮ್ಮೆ ಫೋಟೋ ಹಾಕಿದರೆ ಸಾಕು, ಅದು ತಾನಾಗಿ ಎಲ್ಲ ಜಾಲತಾಣಗಳಿಗೂ ಹೋಗಬೇಕು ಎನ್ನುವುದು ಅವರ ಯೋಜನೆ. ಹಾಗೆ ಹೋಗಬೇಕಾದರೆ ಆ ಜಾಲತಾಣಗಳ ಎಪಿಐ ಬಳಸಬೇಕು. ಎಪಿಐ ಎಂದರೆ ಮನುಷ್ಯರ ಬದಲು ಪ್ರೋಗ್ರಾಮುಗಳು ಬಂದು ನಿಲ್ಲುವ ಕೌಂಟರು. ಅಲ್ಲಿ ಕೇಳುವ ಮೊದಲ ಪ್ರಶ್ನೆ: ನೀನು ಯಾರು, ಯಾರ ಪರವಾಗಿ ಬಂದಿದ್ದೀ?

ಇದಕ್ಕೆ ಉತ್ತರ ಕೊಡಲು ಎರಡು ದಾರಿ. ಅಂಗಡಿಯವರ ಪಾಸ್‌ವರ್ಡನ್ನೇ ಇಸಿದುಕೊಂಡು ಅವರೇ ಬಂದಂತೆ ಒಳಗೆ ಹೋಗುವುದು ಒಂದು. ಇನ್ನೊಂದು, ಜಾಲತಾಣದ ಕಂಪನಿಗೆ ಅರ್ಜಿ ಹಾಕಿ, ಕಂಪನಿಯ ಕಾಗದಪತ್ರ ತೋರಿಸಿ, ತಪಾಸಣೆ ಮುಗಿಸಿ, ಆಮೇಲೆ ಪ್ರತಿ ಅಂಗಡಿಯವರಿಂದಲೂ ‘ಇವರು ನನ್ನ ಪರವಾಗಿ ಫೋಟೋ ಹಾಕಬಹುದು’ ಎಂಬಷ್ಟಕ್ಕೇ ಒಪ್ಪಿಗೆ ಪಡೆಯುವುದು. ಮೊದಲನೆಯದಕ್ಕೆ ಕಂಪನಿಗಳ ನಿಯಮದಲ್ಲಿ ಜಾಗವಿಲ್ಲ, ಆದರೆ ಒಂದು ಮಧ್ಯಾಹ್ನದ ಕೆಲಸ. ಎರಡನೆಯದಕ್ಕೆ ವಾರಗಟ್ಟಲೆ ಕಾಯಬೇಕು.

‘ಅವರ ಕೊಡಾಕ ತಯಾರ ಅದಾರ. ತಗೊಳ್ಳಾಕ ನಿಂದೇನ ತಕರಾರ?’ ಎಂದ ಒಬ್ಬ.

‘ಕೊಡತಾರ ಅಂತ ಹೇಳಿ ತಗೋಬೇಕಂತ ಎಲ್ಲೈತಿ?’ ಎಂದಳು ಅವನ ಸಹೋದ್ಯೋಗಿ.

ಆಮೇಲೆ ಮಾತು ಸರ್ವರು, ಖರ್ಚು, ಬೆಂಗಳೂರಿನ ಪ್ರತಿಸ್ಪರ್ಧಿ ಎಂದೆಲ್ಲ ಎಲ್ಲೆಲ್ಲಿಗೋ ಹೋಯಿತು. ನನಗೆ ಉಳಿದದ್ದು ಆ ಹುಡುಗಿಯ ಪ್ರಶ್ನೆ. ಕಳ್ಳತನ ತಪ್ಪು, ಮೋಸ ತಪ್ಪು, ಇದು ಎಲ್ಲರಿಗೂ ಗೊತ್ತು. ಆದರೆ ಒಬ್ಬರು ತಾವಾಗಿ, ನಗುನಗುತ್ತ, ಒತ್ತಾಯವಿಲ್ಲದೆ ಕೈಗೆ ಹಾಕಿದ್ದನ್ನು ಇಸಿದುಕೊಳ್ಳುವುದೂ ತಪ್ಪಾಗಬಹುದೇ?

ನಮ್ಮ ಕಡೆ ಇದಕ್ಕೆ ಹಳೆಯ ಉತ್ತರಗಳಿವೆ. ಅಮರಗೋಳದ ಎಪಿಎಂಸಿಗೆ ಹತ್ತಿ ತರುವ ರೈತ ಮಾರಿಕೊಡಲೆಂದು ಅಡತಿ ಅಂಗಡಿಯವರಿಗೆ ಹತ್ತಿ ಒಪ್ಪಿಸುತ್ತಾನೆಯೇ ಹೊರತು ಹೊಲದ ಉತಾರ ಒಪ್ಪಿಸುವುದಿಲ್ಲ. ಸಾಲ ಕೊಟ್ಟವನು ಕೇಳಿದನೆಂದು ಉತಾರವನ್ನೂ, ಕೋರಾ ಕಾಗದದ ಮೇಲಿನ ಹೆಬ್ಬೆಟ್ಟನ್ನೂ ಕೊಟ್ಟವರು ಇದ್ದಾರೆ, ನಿಜ. ಅಂಥ ಕಡೆ ‘ಅವನೇ ಕೊಟ್ಟ’ ಎನ್ನುವ ಮಾತನ್ನು ಊರು ಒಪ್ಪಿದ್ದಿಲ್ಲ. ಗರಜು ಇದ್ದವನು ಕೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತಾನೆ. ತೆಗೆದುಕೊಳ್ಳುವವನಿಗೆ ಅದು ಗೊತ್ತಿರುತ್ತದೆ.

ಸೀರೆ ಅಂಗಡಿಯ ಮಾಲೀಕರಿಗೆ ಸಾಲದ ಗರಜಿಲ್ಲ. ಆದರೆ ತಾವು ಏನು ಕೊಡುತ್ತಿದ್ದೇವೆ ಎನ್ನುವುದು ಅವರಿಗೆ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಅದು ಫೋಟೋ ಹಾಕುವ ಕೀಲಿಕೈ. ನಿಜದಲ್ಲಿ ಅದೇ ಕೀಲಿಕೈಯಿಂದ ಗಿರಾಕಿಗಳು ಕಳಿಸಿದ ಖಾಸಗಿ ಸಂದೇಶಗಳನ್ನು ಓದಬಹುದು, ಪಾಸ್‌ವರ್ಡನ್ನೇ ಬದಲಿಸಿ ಮಾಲೀಕರನ್ನು ಹೊರಗೆ ನಿಲ್ಲಿಸಬಹುದು. ಮಗಳ ಹೆಸರು ಮತ್ತು ಒಂದು ಎರಡು ಮೂರು ಎಂಬ ಅದೇ ಪಾಸ್‌ವರ್ಡು ಅವರ ಈಮೇಲಿನದೂ ಆಗಿದ್ದರೆ, ಮುಂದಿನದನ್ನು ಹೇಳಬೇಕಿಲ್ಲ.

ವಿದ್ಯಾನಗರದ ಈ ವಾದಕ್ಕೆ ಜಗತ್ತಿನಲ್ಲಿ ಒಂದು ಇತಿಹಾಸವಿದೆ. ಟ್ವಿಟರ್ ಶುರುವಾದ ದಿನಗಳಲ್ಲಿ ಅದರ ಎಪಿಐಯನ್ನು ಯಾರು ಬೇಕಾದರೂ ಪಾಸ್‌ವರ್ಡು ಇಟ್ಟುಕೊಂಡು ಬಳಸಬಹುದಿತ್ತು. ಬೇಸಿಕ್ ಆಥೆಂಟಿಕೇಶನ್ ಎನ್ನುವ ಆ ಪದ್ಧತಿಯಲ್ಲಿ ಹೆಸರು ಮತ್ತು ಪಾಸ್‌ವರ್ಡನ್ನು ಜೋಡಿಸಿ, ಬೇಸ್-64 ಎಂಬ ಲಿಪಿಗೆ ತಿರುಗಿಸಿ, ಪ್ರತಿಸಲವೂ ಕಳಿಸುತ್ತಾರೆ. ನೋಡಲು ಗುಪ್ತಲಿಪಿಯಂತೆ ಕಂಡರೂ ಅದು ಕನ್ನಡಿಯಲ್ಲಿ ತಿರುವಿ ಬರೆದ ಅಕ್ಷರದಷ್ಟೇ ಗುಟ್ಟು. ಟ್ವಿಟರಿಗೆ ಸಂಬಂಧಿಸಿದ ಪುಟ್ಟಪುಟ್ಟ ಸಲಕರಣೆ ಮಾಡಿದ ನೂರಾರು ಜನ ಬಳಕೆದಾರರ ಪಾಸ್‌ವರ್ಡುಗಳನ್ನು ತಮ್ಮಲ್ಲಿ ಕೂಡಿಹಾಕಿಕೊಂಡರು. ಅವರಲ್ಲಿ ಹೆಚ್ಚಿನವರು ಪ್ರಾಮಾಣಿಕರೇ. ಆದರೂ ಯಾವನೋ ಒಬ್ಬನ ಮನೆಯ ಕಂಪ್ಯೂಟರಿನಲ್ಲಿ ಸಾವಿರಾರು ಜನರ ಕೀಲಿಕೈಗಳು ಗೊಂಚಲಾಗಿ ತೂಗುತ್ತಿದ್ದವು.

ಟ್ವಿಟರಿನಲ್ಲೇ ಕೆಲಸ ಮಾಡುತ್ತಿದ್ದ ಬ್ಲೇನ್ ಕುಕ್ ಮತ್ತು ಇತರರು ಸೇರಿ ಓಆತ್ ಎಂಬ ಇನ್ನೊಂದು ಪದ್ಧತಿಯನ್ನು ರೂಪಿಸಿದರು. ಅದರ ಮೊದಲ ಆವೃತ್ತಿ ಬಂದದ್ದು 2007ರಲ್ಲಿ. ಇದರಲ್ಲಿ ಆ್ಯಪ್ ನಿಮ್ಮ ಪಾಸ್‌ವರ್ಡು ಕೇಳುವುದಿಲ್ಲ. ನಿಮ್ಮನ್ನು ಜಾಲತಾಣದ ಬಳಿಗೇ ಕಳಿಸುತ್ತದೆ. ನೀವು ಅಲ್ಲಿ ಗುರುತು ಹೇಳಿ ಒಪ್ಪಿಗೆ ಕೊಟ್ಟರೆ ಜಾಲತಾಣ ಆ್ಯಪ್‌ಗೆ ಒಂದು ಟೋಕನ್ ಕೊಡುತ್ತದೆ. ಆ ಟೋಕನ್ನಿನಿಂದ ನೀವು ಒಪ್ಪಿದ ಕೆಲಸ ಮಾತ್ರ ಆಗುತ್ತದೆ. ಬೇಡವೆನಿಸಿದ ದಿನ ಆ ಒಂದನ್ನು ಮಾತ್ರ ರದ್ದು ಮಾಡಬಹುದು, ಉಳಿದವರ ಕೆಲಸ ನಿಲ್ಲುವುದಿಲ್ಲ. ಪಾಸ್‌ವರ್ಡು ಹಂಚಿದ್ದರೆ ಒಬ್ಬನನ್ನು ಬಿಡಿಸಲು ಮನೆಯ ಬೀಗವನ್ನೇ ಬದಲಿಸಬೇಕು. ಟ್ವಿಟರ್ 2010ರ ಆಗಸ್ಟ್ 31ರ ಗಡುವು ಕೊಟ್ಟು ಹಳೆಯ ಪದ್ಧತಿಯನ್ನು ಮುಚ್ಚಿತು. ಡೆವಲಪರುಗಳು ಗೊಣಗಿದರು, ತಮಾಷೆಗೆ ಅದನ್ನು ಪ್ರಳಯ ಎಂದೂ ಕರೆದರು.

ಧಾರವಾಡದ ಕೋರ್ಟಿನ ಸುತ್ತ ಓಡಾಡಿದವರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ. ಪಾಸ್‌ವರ್ಡು ಕೊಡುವುದೆಂದರೆ ಕೋರಾ ಕಾಗದಕ್ಕೆ ಸಹಿ ಹಾಕಿಕೊಟ್ಟಂತೆ. ಟೋಕನ್ ಎಂದರೆ ಮುಖತ್ಯಾರ ಪತ್ರ, ಅದರಲ್ಲೂ ಬಾಂಡ್ ರೈಟರುಗಳು ಸ್ಪೆಷಲ್ ಪವರ್ ಎನ್ನುವಂಥದ್ದು. ಪುಣೆಯಲ್ಲಿರುವ ಮಗ ಊರಿನ ಚಿಕ್ಕಪ್ಪನಿಗೆ ‘ಇಂಥ ಸರ್ವೆ ನಂಬರಿನ ಹೊಲವನ್ನು ಲಾವಣಿಗೆ ಕೊಡುವ ಅಧಿಕಾರ ಮಾತ್ರ’ ಎಂದು ಬರೆದುಕೊಡುತ್ತಾನಲ್ಲ, ಹಾಗೆ. ನೀನು ಯಾರು ಎನ್ನುವುದು ಒಂದು ಪ್ರಶ್ನೆ, ನಿನಗೆ ಎಷ್ಟು ಅಧಿಕಾರ ಎನ್ನುವುದು ಇನ್ನೊಂದು. ಪಾಸ್‌ವರ್ಡು ಎರಡನ್ನೂ ಒಂದೇ ಮಾಡಿಬಿಡುತ್ತದೆ, ಹಿಡಿದವನೇ ಮಾಲೀಕನಾಗುತ್ತಾನೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಅಂಗಡಿಯ ಹಿರಿಯರು ಹೇಳುತ್ತಾರೆ: ‘ಹುಡುಗನ ಮ್ಯಾಲೆ ಭರೋಸಾ ಇದ್ರ ಕೀಲಿಕೈ ಕೊಡತೀವ್ರಿ. ಇಲ್ಲಂದ್ರ ಕೆಲಸಕ್ಕ ಇಟ್ಟುಕೊಳ್ಳಂಗಿಲ್ಲ. ಅರ್ಧಾ ಭರೋಸಾ ಅಂದ್ರ ಏನ್ರೀ ಅದು?’ ನಮ್ಮಲ್ಲಿ ತಿಜೋರಿಯ ಕೀಲಿಕೈ ಕೈಗಿಡುವುದು ಒಂದು ಗೌರವ. ಸೊಸೆಗೆ ಅತ್ತೆ ಕೊಡುವ ದಿನ, ಗುಮಾಸ್ತನಿಗೆ ಸಾವಕಾರ ಕೊಡುವ ದಿನ, ಅದರ ಅರ್ಥವೇ ಬೇರೆ. ಇಷ್ಟೇ ಮಾಡು, ಇದನ್ನು ಮುಟ್ಟಬೇಡ ಎಂದು ಬರೆದುಕೊಡುವುದು ಆ ಸಂಬಂಧಕ್ಕೆ ಅವಮಾನ ಅನ್ನಿಸುವುದು ಸಹಜ.

ಆದರೆ ಮಿತಿಯಿಂದ ಯಾರಿಗೆ ಲಾಭ ಎಂದು ನೋಡಬೇಕು. ಸರಕಾರಿ ಖಜಾನೆಯ ಭದ್ರ ಕೋಣೆಗೆ ಎರಡು ಬೀಗ, ಎರಡು ಕೀಲಿಕೈ, ಇಬ್ಬರು ಅಧಿಕಾರಿಗಳ ಬಳಿ. ಬ್ಯಾಂಕಿನಲ್ಲೂ ಹಾಗೆಯೇ. ಅದು ಮ್ಯಾನೇಜರ್ ಕಳ್ಳ ಎಂದು ಮಾಡಿದ ಏರ್ಪಾಡಲ್ಲ. ನಾಳೆ ಹಣ ಕಡಿಮೆ ಬಿದ್ದರೆ ಒಬ್ಬನ ಮೇಲೇ ಬೆರಳು ಹೋಗಬಾರದು ಎಂದು ಮಾಡಿದ ಏರ್ಪಾಡು. ಅಂಗಡಿಯ ಖಾತೆಯಿಂದ ಒಂದು ರಾತ್ರಿ ಯಾರಿಗೋ ಅಸಹ್ಯ ಸಂದೇಶ ಹೋಯಿತು ಎಂದಿಟ್ಟುಕೊಳ್ಳಿ. ಪಾಸ್‌ವರ್ಡು ಇದ್ದ ಹುಡುಗ ಏನು ಹೇಳಿದರೂ ನಡೆಯುವುದಿಲ್ಲ. ಅದೇ ಹುಡುಗನ ಬಳಿ ಫೋಟೋ ಹಾಕುವ ಟೋಕನ್ ಮಾತ್ರ ಇದ್ದರೆ, ‘ಸಂದೇಶ ಕಳಿಸೋ ಅಧಿಕಾರನ ನನ್ನ ಕಡೆ ಇಲ್ರೀ’ ಎನ್ನಬಹುದು, ಅದನ್ನು ತೋರಿಸಲೂಬಹುದು. ಬಡವನ ಮನೆಯ ಹುಡುಗನಿಗೆ ತನ್ನ ಪ್ರಾಮಾಣಿಕತೆಗೆ ಪುರಾವೆ ಸಿಗುವುದು ಸಣ್ಣ ಮಾತಲ್ಲ. ಪೂರ್ತಿ ಭರೋಸಾ ಇಡುವ ಮಾಲೀಕರು ಅನುಮಾನ ಬಂದ ದಿನ ಪೂರ್ತಿ ಅನುಮಾನವನ್ನೂ ಪಡುತ್ತಾರೆ, ಇದನ್ನು ಹುಬ್ಬಳ್ಳಿಯ ಪೇಟೆಯಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ.

ಪಾಸ್‌ವರ್ಡು ಕೈಗೆ ಬಂದ ಮೇಲೆ ಮಿತಿಯಲ್ಲಿ ಉಳಿಯುವುದು ದೊಡ್ಡವರಿಗೂ ಕಷ್ಟ. ಫೇಸ್‌ಬುಕ್ ಕೆಲವು ಹೊಸ ಬಳಕೆದಾರರಿಂದ ಗುರುತು ಖಾತ್ರಿ ಮಾಡಿಕೊಳ್ಳಲೆಂದು ಅವರ ಈಮೇಲ್ ಪಾಸ್‌ವರ್ಡನ್ನೇ ಕೇಳುತ್ತಿತ್ತು. ಹಾಗೆ ಕೊಟ್ಟವರ ಪೈಕಿ ಸುಮಾರು 15 ಲಕ್ಷ ಜನರ ಈಮೇಲ್ ವಿಳಾಸಪಟ್ಟಿಗಳು ತನ್ನಲ್ಲಿಗೆ ಬಂದು ಸೇರಿವೆ ಎಂದು 2019ರ ಏಪ್ರಿಲ್‌ನಲ್ಲಿ ಅದು ಒಪ್ಪಿಕೊಂಡಿತು. ಉದ್ದೇಶಪೂರ್ವಕವಲ್ಲ ಎಂದೂ ಹೇಳಿತು. ಇರಬಹುದು. ಬಾಗಿಲು ತೆರೆದಿದ್ದಾಗ ಉದ್ದೇಶವೇ ಇರಬೇಕೆಂದಿಲ್ಲ.

ಹಾಗಾದರೆ ಟೋಕನ್ ಪದ್ಧತಿ ಬಂದೊಡನೆ ಎಲ್ಲವೂ ಸರಿಹೋಯಿತೇ? 2009ರ ಏಪ್ರಿಲ್‌ನಲ್ಲಿ ಓಆತ್‌ನಲ್ಲೇ ಒಂದು ತೂತು ಕಂಡಿತು. ಮೋಸಗಾರ ತಾನು ಅರ್ಜಿ ಶುರುಮಾಡಿ, ಒಪ್ಪಿಗೆಯ ಲಿಂಕನ್ನು ನಿಮಗೆ ಕಳಿಸಿ, ನೀವು ಒಪ್ಪಿದ ಕೂಡಲೇ ಉಳಿದದ್ದನ್ನು ತಾನು ಮುಗಿಸಿಕೊಳ್ಳಬಹುದಿತ್ತು. ಸಹಿ ನಿಮ್ಮದು, ಪತ್ರ ಹೋಗಿ ಸೇರುವುದು ಅವನ ಕೈಗೆ. ಒಪ್ಪಿದವನೂ ಅರ್ಜಿ ಮುಗಿಸುವವನೂ ಒಬ್ಬನೇ ಎಂದು ಯಾರೂ ತಾಳೆ ನೋಡುತ್ತಿರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಒಂದು ಪರಿಶೀಲನಾ ಸಂಖ್ಯೆ ಸೇರಿಸಿ ಪದ್ಧತಿಯನ್ನು ತಿದ್ದಿದರು. ನಮ್ಮ ಸಬ್-ರಿಜಿಸ್ಟ್ರಾರ್ ಆಫೀಸಿನಲ್ಲಿ ಬರೆದುಕೊಟ್ಟವರನ್ನು ಎದುರಿಗೆ ನಿಲ್ಲಿಸಿ, ಗುರುತಿಸುವವರನ್ನು ಕರೆಸಿ, ನೀವೇ ಬರೆದುಕೊಟ್ಟಿರೇನು ಎಂದು ಕೇಳುವುದು ಸುಮ್ಮನೆ ಅಲ್ಲ. 1908ರ ನೋಂದಣಿ ಕಾಯ್ದೆ ಬರೆದವರಿಗೆ ಮನುಷ್ಯರ ಬುದ್ಧಿವಂತಿಕೆಯ ಪರಿಚಯ ಚೆನ್ನಾಗಿತ್ತು.

ಇದು ತಾಂತ್ರಿಕ ತೂತು, ಮುಚ್ಚಿದರು. ಮುಚ್ಚಲಾಗದ ತೂತು ಬೇರೆ ಇದೆ. 2018ರಲ್ಲಿ ಕೇಂಬ್ರಿಜ್ ಅನಾಲಿಟಿಕಾ ಪ್ರಕರಣ ಹೊರಬಂದಾಗ ಫೇಸ್‌ಬುಕ್ ಭಾರತದ ಲೆಕ್ಕವನ್ನೂ ಕೊಟ್ಟಿತು. ವ್ಯಕ್ತಿತ್ವ ಪರೀಕ್ಷೆಯ ಆ ಆ್ಯಪನ್ನು ಭಾರತದಲ್ಲಿ ಹಾಕಿಕೊಂಡವರು 335 ಜನ. ಅದರಿಂದ ಮಾಹಿತಿ ಹೋಗಿರಬಹುದಾದ ಭಾರತೀಯರು 5,62,455. ಉಳಿದವರೆಲ್ಲ ಎಲ್ಲೋ ಯಾರೋ ಆ್ಯಪ್ ಹಾಕಿಕೊಂಡವರ ಗೆಳೆಯರ ಪಟ್ಟಿಯಲ್ಲಿದ್ದವರು, ಅಷ್ಟೇ. ಇಲ್ಲಿ ಯಾರ ಪಾಸ್‌ವರ್ಡೂ ಕಳವಾಗಿರಲಿಲ್ಲ. ಬೀಗ ಒಡೆದಿರಲಿಲ್ಲ. ಮಾಹಿತಿ ತೆಗೆದುಕೊಂಡದ್ದು ಒಪ್ಪಿಗೆಯ ಗುಂಡಿ ಒತ್ತಿಸಿಕೊಂಡು, ಟೋಕನ್ನಿನ ಮೂಲಕವೇ. ಆ ಕಾಲದ ಫೇಸ್‌ಬುಕ್ ಎಪಿಐ, ಗೆಳೆಯರ ಮಾಹಿತಿಗೂ ನಾವೇ ಒಪ್ಪಿಗೆ ಕೊಡಬಹುದು ಎಂದು ಇಟ್ಟುಕೊಂಡಿತ್ತು. 2014ರಲ್ಲಿ ನಿಯಮ ಬದಲಿಸಿ 2015ರ ಹೊತ್ತಿಗೆ ನಿಲ್ಲಿಸಿತು.

ವಿದ್ಯಾನಗರದ ಹುಡುಗಿಯ ಪ್ರಶ್ನೆ ಇಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಗೆಳೆಯ ತನ್ನದಲ್ಲದ್ದನ್ನು ಕೊಟ್ಟ, ಆ್ಯಪ್ ಅದನ್ನು ತೆಗೆದುಕೊಂಡಿತು. ನನ್ನ ಮನೆಗೆ ಬಂದು ಚಹಾ ಕುಡಿದು ಹೋಗುವ ಗೆಳೆಯನಿಗೆ ನನ್ನ ಮನೆಯ ಅಲಮಾರಿಯನ್ನು ತೋರಿಸುವ ಮುಖತ್ಯಾರಿಕೆ ಯಾರು ಕೊಟ್ಟರು? 1872ರ ಕರಾರು ಕಾಯ್ದೆಯ 190ನೇ ಕಲಮಿನ ಪ್ರಕಾರ, ತಾನೇ ಮಾಡುತ್ತೇನೆಂದು ಒಪ್ಪಿಕೊಂಡ ಕೆಲಸವನ್ನು ಏಜೆಂಟ್ ಸಾಮಾನ್ಯವಾಗಿ ಇನ್ನೊಬ್ಬನಿಗೆ ವಹಿಸುವಂತಿಲ್ಲ. ಗೆಳೆಯರು ಏಜೆಂಟರೂ ಅಲ್ಲ. ಸೀರೆ ಅಂಗಡಿಯ ಸಂದೇಶಪೆಟ್ಟಿಗೆಯೂ ಹಾಗೆಯೇ. ಮನೆ ವಿಳಾಸ, ಮದುವೆಯ ದಿನ, ಯಾರಿಗೆ ಎಷ್ಟು ಬೆಲೆಯ ಸೀರೆ ಎನ್ನುವುದನ್ನು ಹೆಣ್ಣುಮಕ್ಕಳು ಅಂಗಡಿಯವರಿಗೆ ಹೇಳಿರುತ್ತಾರೆ. ಪಾಸ್‌ವರ್ಡು ಕೊಡುವಾಗ ಮಾಲೀಕರು ಅದನ್ನೂ ಕೊಡುತ್ತಾರೆ. ಅದು ಅವರ ಸ್ವತ್ತಲ್ಲ.

ನಮ್ಮ ಕಾನೂನು ತಡವಾಗಿಯಾದರೂ ಈ ಕಡೆಗೆ ಬಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ಉದಾಹರಣೆಯಿದೆ. ಟೆಲಿಮೆಡಿಸಿನ್ ಆ್ಯಪ್ ಒಂದು ಹೆಣ್ಣುಮಗಳ ಬಳಿ ಚಿಕಿತ್ಸೆಗೆ ಬೇಕಾದ ಮಾಹಿತಿಯ ಜೊತೆಗೆ ಅವಳ ಫೋನಿನ ನಂಬರುಗಳ ಪಟ್ಟಿಯನ್ನೂ ಕೇಳುತ್ತದೆ. ಅವಳು ಎರಡಕ್ಕೂ ಒಪ್ಪುತ್ತಾಳೆ. ಚಿಕಿತ್ಸೆಗೆ ಆ ಪಟ್ಟಿ ಬೇಕಾಗಿಲ್ಲವಾದ್ದರಿಂದ ಅವಳ ಒಪ್ಪಿಗೆ ಚಿಕಿತ್ಸೆಯ ಮಾಹಿತಿಗಷ್ಟೇ ಸೀಮಿತ ಎನ್ನುತ್ತದೆ ಕಾಯ್ದೆ. ಅವಳು ಕೊಟ್ಟಿದ್ದಾಳೆ, ಆದರೂ ಅದು ಇವರಿಗೆ ಸಿಕ್ಕಂತಲ್ಲ. ಒಣ ಕಾಯ್ದೆಯ ಭಾಷೆಯಲ್ಲಿ ಇಷ್ಟು ದೊಡ್ಡ ಮಾತು ಬಂದಿರುವುದನ್ನು ಓದಿ ನನಗೆ ಆಶ್ಚರ್ಯವಾಯಿತು.

ಅಂದು ಪಾಸ್‌ವರ್ಡಿನ ಪರ ವಾದಿಸಿದ ಹುಡುಗನ ಬಳಿ ಇನ್ನೂ ಒಂದು ಮಾತಿತ್ತು. ನನ್ನ ಮಟ್ಟಿಗೆ ಅವನ ಅತ್ಯುತ್ತಮ ವಾದ ಅದೇ. ‘ನಮಗ ಅಂಗಡಿಯವರು ಹೂಂ ಅಂದಾರ. ಅಮೇರಿಕಾದಾಗಿನ ಕಂಪನಿ ಯಾಕ ಹೂಂ ಅನ್ನಬೇಕು? ಖಾತೆ ಯಾರದು?’

ಇದಕ್ಕೆ ಸುಲಭದ ಉತ್ತರವಿಲ್ಲ. ಪಾಸ್‌ವರ್ಡಿನ ಕಾಲದಲ್ಲಿ ನಾನು ಯಾರಿಗೆ ಬೇಕಾದರೂ ಕೀಲಿಕೈ ಕೊಡಬಹುದಿತ್ತು, ಕಂಪನಿಯನ್ನು ಕೇಳಬೇಕಾಗಿರಲಿಲ್ಲ. ಟೋಕನ್ ಪದ್ಧತಿಯಲ್ಲಿ ಪ್ರತಿ ಆ್ಯಪೂ ಕಂಪನಿಯ ಬಳಿ ಹೆಸರು ನೋಂದಾಯಿಸಬೇಕು. ಮುಖತ್ಯಾರ ಪತ್ರ ಬರೆದುಕೊಡುವವನು ನಾನೇ ಆದರೂ, ಯಾರು ಮುಖತ್ಯಾರರಾಗಬಹುದು ಎಂದು ಹೇಳುವವನು ರಿಜಿಸ್ಟ್ರಾರ್. ಆ ರಿಜಿಸ್ಟ್ರಾರ್ ಸರಕಾರಿ ನೌಕರನೂ ಅಲ್ಲ, ಅದೇ ಪೇಟೆಯ ಇನ್ನೊಬ್ಬ ವ್ಯಾಪಾರಿ. 2023ರ ಜನವರಿಯಲ್ಲಿ ಟ್ವಿಟರ್ ಹೊರಗಿನವರು ಮಾಡಿದ ಟ್ವೀಟ್‌ಬಾಟ್, ಟ್ವಿಟರಿಫಿಕ್‌ನಂಥ ಆ್ಯಪ್‌ಗಳನ್ನು ಹೇಳದೆ ಕೇಳದೆ ನಿಲ್ಲಿಸಿತು. ನಿಷೇಧದ ನಿಯಮ ಬರೆದದ್ದು ಆಮೇಲೆ. ಮರುತಿಂಗಳು ಉಚಿತ ಎಪಿಐಗೂ ಕೊನೆ ಹಾಡುತ್ತೇವೆಂದು ಘೋಷಿಸಿತು. ವರ್ಷಾನುಗಟ್ಟಲೆ ಅವುಗಳನ್ನೇ ಬಳಸುತ್ತಿದ್ದವರ ಒಪ್ಪಿಗೆ ಹಾಗೇ ಇತ್ತು, ಅದಕ್ಕೆ ಬೆಲೆ ಇರಲಿಲ್ಲ.

ಆದ್ದರಿಂದ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ, ಆದರೆ ಅದರಿಂದ ಅವನು ತೆಗೆದ ತೀರ್ಮಾನ ಸರಿಯಲ್ಲ ಎನ್ನುವುದು ನನ್ನ ಅಭಿಪ್ರಾಯ. ಕಂಪನಿ ನ್ಯಾಯವಾಗಿ ನಡೆದುಕೊಳ್ಳುತ್ತಿಲ್ಲ ಎಂದು ಅಂಗಡಿಯವರ ಗಿರಾಕಿಗಳ ಸಂದೇಶಗಳನ್ನು ನಾವು ತೆರೆದಿಟ್ಟುಕೊಳ್ಳುವುದಕ್ಕೆ ಸಮರ್ಥನೆ ಸಿಗುವುದಿಲ್ಲ. ಸಬ್-ರಿಜಿಸ್ಟ್ರಾರ್ ಲಂಚ ಕೇಳಿದರೆ ಅದರ ವಿರುದ್ಧ ಹೋರಾಡಬೇಕು. ಕೋರಾ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಆ ಹೋರಾಟ ಅಲ್ಲ. ಬೇಕಾದರೆ ಅಂಗಡಿಯವರಿಗೆ ಕೂರಿಸಿ ಹೇಳಬೇಕು: ನಮ್ಮ ಆ್ಯಪ್ ಎರಡು ತಿಂಗಳು ತಡ, ಅಲ್ಲಿಯವರೆಗೆ ಫೋಟೋ ನಿಮ್ಮ ಮೊಬೈಲಿನಿಂದ ನಿಮ್ಮ ಕೈಯಾರೆ ಹಾಕಿ. ಇದರಿಂದ ವ್ಯಾಪಾರ ಕಳೆದುಕೊಳ್ಳಬಹುದು. ನಾಲ್ಕು ಜನರ ಕಂಪನಿಗೆ ಎರಡು ತಿಂಗಳೆಂದರೆ ಎಷ್ಟು ಎಂದು ನನಗೆ ಗೊತ್ತು, ಹಾಗಾಗಿ ಇದನ್ನು ಸಲೀಸಾಗಿ ಹೇಳುತ್ತಿಲ್ಲ.

ಇನ್ನು ರದ್ದತಿಯ ಮಾತು. ಕರಾರು ಕಾಯ್ದೆಯ 201ನೇ ಕಲಮಿನಂತೆ ಅಧಿಕಾರ ಕೊಟ್ಟವನು ಸತ್ತರೆ ಏಜೆಂಟನ ಅಧಿಕಾರವೂ ಮುಗಿಯುತ್ತದೆ. 208ನೇ ಕಲಮಿನಂತೆ ಅದು ಮುಗಿದದ್ದು ಏಜೆಂಟನ ಮಟ್ಟಿಗೆ ಜಾರಿಗೆ ಬರುವುದು ಅವನಿಗೆ ಸುದ್ದಿ ಮುಟ್ಟಿದಾಗ. ಟೋಕನ್ನಿಗೆ ಸುದ್ದಿ ಮುಟ್ಟಿಸುವವರು ಯಾರು?

ಧಾರವಾಡದ ನಮ್ಮ ಪರಿಚಯದ ನಿವೃತ್ತ ಮಾಸ್ತರರೊಬ್ಬರು ತಮ್ಮ ಫೇಸ್‌ಬುಕ್ ಪುಟದಲ್ಲಿ ದಿನಾ ಮುಂಜಾನೆ ಆರು ಗಂಟೆಗೆ ಒಂದು ವಚನ ಬರುವಂತೆ ಒಂದು ಆ್ಯಪ್‌ಗೆ ಒಪ್ಪಿಗೆ ಕೊಟ್ಟು, ತಿಂಗಳುಗಳಿಗಾಗುವಷ್ಟು ವಚನಗಳನ್ನು ಮುಂಚಿತವಾಗಿಯೇ ತುಂಬಿಸಿಟ್ಟಿದ್ದರು. ಅವರು ತೀರಿಕೊಂಡ ಮರುದಿನವೂ ಆರು ಗಂಟೆಗೆ ವಚನ ಬಂತು. ಹದಿಮೂರನೇ ದಿನವೂ ಬಂತು. ಸುದ್ದಿ ತಿಳಿಯದವರು ‘ಶರಣು ಸರ್’ ಎಂದು ಬರೆಯುತ್ತಿದ್ದರು. ಮಗನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಪಾಸ್‌ವರ್ಡು ಯಾರಿಗೂ ಗೊತ್ತಿರಲಿಲ್ಲ, ಮಾಸ್ತರರು ಆ ವಿಷಯದಲ್ಲಿ ಬಿಗಿ. ಮರಣ ಪ್ರಮಾಣಪತ್ರ ಲಗತ್ತಿಸಿ ಕಂಪನಿಗೆ ಅರ್ಜಿ ಹಾಕಬೇಕೆಂದು ತಿಳಿದು ಅದನ್ನು ಸ್ಕ್ಯಾನ್ ಮಾಡಿಸಿ ತಂದ.

‘ಅವ್ವಾ, ಇದನ್ನ ಅಪ್ಪಾ ಹಾಕಾಕತ್ತಿಲ್ಲ, ಮಷೀನ ಹಾಕಾಕತ್ತೈತಿ’ ಎಂದು ತಾಯಿಗೆ ಹೇಳಿದ.

‘ಗೊತ್ತೈತೋ ತಮ್ಮಾ. ತುಂಬಿಟ್ಟಾಂವ ಅಂವನ ಅಲ್ಲೇನು? ಮುಗಿಯೂತನಕ ಇರಲಿ ಬಿಡು’ ಎಂದರು ಅವರು.

ಮಗ ಅರ್ಜಿ ಕಳಿಸಲಿಲ್ಲ. ಅಂಥ ಅಧಿಕಾರ ತಾಯಿಗಿತ್ತೋ, ಮಗನಿಗಿತ್ತೋ, ಇಬ್ಬರಿಗೂ ಇರಲಿಲ್ಲವೋ ಎಂದು ನಾನು ಆಗಾಗ ಯೋಚಿಸುತ್ತೇನೆ. ವಚನಗಳು ಮುಂದೆ ಎರಡು ತಿಂಗಳು ಬಂದವು.